ಹಾರ್ಡ್ ಡಿಸ್ಕ್ 3 ಅಂದರೆ ನಿಜಕ್ಕೂ ಯಾವ ಡಿಸ್ಕ್?

ಪ್ರಶ್ನೆ: ನಮ್ಮಲ್ಲಿ ಸುಮಾರು 400 ವರ್ಚುವಲ್ ಮೆಷಿನ್‌ಗಳಿವೆ (ವಿಎಂ, ಅಂದರೆ ಸಾಫ್ಟ್‌ವೇರ್‌ನಲ್ಲಿ ಕಟ್ಟಿದ ಕಂಪ್ಯೂಟರ್). ಎಲ್ಲವೂ ವಿಎಂವೇರ್ ವಿಸ್ಫಿಯರ್ ಮೇಲೆ ಓಡುತ್ತವೆ. ಪ್ರತಿ ವಿಎಂನ ಡಿಸ್ಕ್, ಅದರ ಗಾತ್ರ, ಡೇಟಾಸ್ಟೋರ್ (ಡಿಸ್ಕ್ ಫೈಲ್‌ಗಳನ್ನು ಇಡುವ ಜಾಗ), ಸ್ಕಸಿ ಐಡಿ (ಡಿಸ್ಕ್‌ಗಳನ್ನು ಜೋಡಿಸುವ ಕಂಟ್ರೋಲರ್ ಮೇಲೆ ಅದು ಕೂತ ಜಾಗ) ಎಲ್ಲವನ್ನೂ ಒಂದೇ ಸಿಎಸ್‌ವಿ ಫೈಲಿಗೆ ತರಲು ಪವರ್‌ಸಿಎಲ್ಐನಲ್ಲಿ (ವಿಎಂವೇರ್‌ಗಾಗಿ ಇರುವ ಪವರ್‌ಶೆಲ್ ಆಜ್ಞೆಗಳು) ಸ್ಕ್ರಿಪ್ಟ್ ಬರೆದಿದ್ದೇನೆ. ಗೆಟ್-ಹಾರ್ಡ್‌ಡಿಸ್ಕ್ ಕೊಡುವ ಒಂದೊಂದು ಡಿಸ್ಕ್‌ಗೂ ಗೆಟ್-ಸ್ಕಸಿಕಂಟ್ರೋಲರ್ ಕರೆಯುತ್ತೇನೆ. ಮುಗಿಯಲು ಮುಕ್ಕಾಲು ಗಂಟೆ ಹಿಡಿಯುತ್ತದೆ. ಪ್ರತಿ ವಿಎಂನ ಮೊದಲ ಡಿಸ್ಕ್‌ಗೆ ಸ್ಕಸಿ ಐಡಿ ಖಾಲಿ ಬರುತ್ತದೆ. ಕೆಲವು ವಿಎಂಗಳಲ್ಲಿ ಕಂಟ್ರೋಲರ್ ಹೆಸರೇ ಇರುವುದಿಲ್ಲ. ಎಕ್ಸೆಲ್‌ನಲ್ಲಿ ತೆರೆದರೆ ಐಡಿ ಇರಬೇಕಾದ ಕಡೆ ಗಡಿಯಾರದ ಸಮಯ ಕಾಣುತ್ತದೆ. ಇದೆಲ್ಲಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ವಿಂಡೋಸ್ ತಂಡದವರು ‘ಡಿಸ್ಕ್ 2 ದೊಡ್ಡದು ಮಾಡಿ’ ಅಂದಾಗ, ಅದು ನನ್ನ ಪಟ್ಟಿಯ ಯಾವ ಸಾಲು ಅನ್ನೋದು ಗೊತ್ತಾಗುವುದಿಲ್ಲ. ಎಲ್ಲಿ ತಪ್ಪಿದ್ದೇನೆ?

ಉತ್ತರ: ನೀವು ಕೊನೆಗೆ ಕೇಳಿದ್ದನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಈ ವರದಿ ಬೇಕಾಗಿರುವುದೇ ಅದಕ್ಕೆ, ಅಲ್ವಾ? ಮಿಕ್ಕ ನಾಲ್ಕು ತೊಂದರೆಗಳು ಒಂದೊಂದು ಸಾಲು ತಿದ್ದಿದರೆ ಹೋಗುವಂಥವು. ಡಿಸ್ಕ್ ಗುರುತಿಸುವುದರಲ್ಲಿ ತಪ್ಪಿದರೆ ಮಾತ್ರ ಯಾರದೋ ಡೇಟಾ ಹೋಗುತ್ತದೆ.

ವಿಸ್ಫಿಯರ್ ನೋಡಿಕೊಳ್ಳುವ ವಿಸೆಂಟರ್‌ನಲ್ಲಿ ಕಾಣುವ ‘ಹಾರ್ಡ್ ಡಿಸ್ಕ್ 3’ ಅನ್ನೋದು ಸುಮ್ನೆ ಒಂದು ಚೀಟಿ. ಗೆಟ್-ಹಾರ್ಡ್‌ಡಿಸ್ಕ್ ಕೊಡುವ ಹೆಸರೂ ಅದೇ ಚೀಟಿ. ಅದರ ಎಣಿಕೆ 1 ರಿಂದ ಶುರು. ವಿಂಡೋಸ್ ಒಳಗೆ ಡಿಸ್ಕ್ ಎಣಿಕೆ 0 ಯಿಂದ ಶುರು. ಹಾಗಾಗಿ ಎಲ್ಲವೂ ಸರಿಯಾಗಿ ಸಾಲಾಗಿ ಇದ್ದರೂ, ವಿಂಡೋಸ್‌ನವರ ಡಿಸ್ಕ್ 2 ನಿಮಗೆ ಹಾರ್ಡ್ ಡಿಸ್ಕ್ 3 ಆಗುತ್ತದೆ. ಅಷ್ಟೇ ಆಗಿದ್ದರೆ ಒಂದು ಕೂಡಿಸಿ ಮುಗಿಸಬಹುದಿತ್ತು. ಆದರೆ ಸಾಲು ಸರಿಯಾಗಿ ಇರುತ್ತದೆ ಎಂಬ ಭರವಸೆಯೇ ಇಲ್ಲ. ಮಧ್ಯದ ಒಂದು ಡಿಸ್ಕ್ ತೆಗೆದು ಬೇರೆಯದು ಸೇರಿಸಿದರೆ, ಎರಡನೇ ಕಂಟ್ರೋಲರ್ ಹಾಕಿದರೆ, ವಿಂಡೋಸ್ ತಾನು ಮೊದಲು ಕಂಡ ಡಿಸ್ಕ್‌ಗೆ ಮೊದಲು ನಂಬರ್ ಕೊಟ್ಟರೆ, ಎರಡೂ ಕಡೆಯ ಎಣಿಕೆ ಬೇರೆ ಬೇರೆ ದಾರಿ ಹಿಡಿಯುತ್ತದೆ.

ನನಗೆ ಇದು ಅರ್ಥವಾಗಿದ್ದು ಒಂದು ರಾತ್ರಿ ಕೆಲಸದಲ್ಲಿ. ಡೇಟಾಬೇಸ್ ಸರ್ವರ್ ಒಂದರಲ್ಲಿ ಆರು ಡಿಸ್ಕ್ ಇದ್ದವು. ಅದರಲ್ಲಿ ನಾಲ್ಕು ಒಂದೇ ಗಾತ್ರ, 200 ಜಿಬಿ. ಹಳೆಯ ಬ್ಯಾಕಪ್ ಡಿಸ್ಕ್ ತೆಗೆಯಬೇಕಿತ್ತು. ಚೀಟಿಯ ಎಣಿಕೆ ನಂಬಿ ‘ಹಾರ್ಡ್ ಡಿಸ್ಕ್ 5’ ತೆಗೆದೆ. ಅದು ಡೇಟಾಬೇಸಿನ ಲಾಗ್ ಡಿಸ್ಕ್ ಆಗಿತ್ತು. ಡೇಟಾಸ್ಟೋರ್‌ನಿಂದ ಫೈಲ್ ಅಳಿಸದೆ ಬರೀ ವಿಎಂನಿಂದ ಮಾತ್ರ ಬಿಡಿಸಿದ್ದರಿಂದ ಮತ್ತೆ ಜೋಡಿಸಿ ಡೇಟಾಬೇಸ್ ಎಬ್ಬಿಸಲು ಆಯಿತು. ಆ ಅರ್ಧ ಗಂಟೆ ನಾನು ಇವತ್ತಿಗೂ ಮರೆತಿಲ್ಲ. ಅವತ್ತಿನಿಂದ ನನ್ನ ವರದಿಗಳಲ್ಲಿ ಚೀಟಿ ಒಂದು ಕಾಲಂ ಅಷ್ಟೇ. ಗುರುತು ಹಿಡಿಯಲು ನಾನು ನೋಡುವುದು ಎರಡನ್ನು: ಡಿಸ್ಕ್ ಯಾವ ಕಂಟ್ರೋಲರ್‌ನ ಎಷ್ಟನೇ ಜಾಗದಲ್ಲಿ ಕೂತಿದೆ ಅನ್ನುವ ವಿಳಾಸ, ಮತ್ತು ಡಿಸ್ಕ್‌ನದೇ ಆದ ಯುಯುಐಡಿ, ಅಂದರೆ ಅದಕ್ಕೆಂದೇ ಕೊಟ್ಟ ಉದ್ದನೆಯ ಗುರುತು ಸಂಖ್ಯೆ. ವಿಳಾಸ ಹೇಳುವುದು ಎಲ್ಲಿದೆ ಎಂದು. ಯುಯುಐಡಿ ಹೇಳುವುದು ಯಾವುದು ಎಂದು.

ಈಗ ವಿಳಾಸ ಎಲ್ಲಿ ಸಿಗುತ್ತದೆ ನೋಡೋಣ.

ವಿಸ್ಫಿಯರ್ ಒಂದು ವಿಎಂನ ಯಂತ್ರಾಂಶವನ್ನೆಲ್ಲ ಒಂದೇ ಚಪ್ಪಟೆ ಪಟ್ಟಿಯಲ್ಲಿ ಇಡುತ್ತದೆ. ಪವರ್‌ಸಿಎಲ್ಐನಲ್ಲಿ ವಿಎಂನ ಎಕ್ಸ್‌ಟೆನ್ಶನ್‌ಡೇಟಾ ಒಳಗೆ ಕಾನ್ಫಿಗ್, ಅದರೊಳಗೆ ಹಾರ್ಡ್‌ವೇರ್, ಅದರೊಳಗೆ ಡಿವೈಸ್ ಅಂತ ಹೋದರೆ ಆ ಪಟ್ಟಿ ಸಿಗುತ್ತದೆ. ಕೀಬೋರ್ಡ್, ನೆಟ್‌ವರ್ಕ್ ಕಾರ್ಡ್, ಸಿಡಿ ಡ್ರೈವ್, ಕಂಟ್ರೋಲರ್, ಡಿಸ್ಕ್ ಎಲ್ಲವೂ ಅಲ್ಲೇ ಅಕ್ಕಪಕ್ಕ ಇರುತ್ತವೆ. ಡಿಸ್ಕ್ ಕಂಟ್ರೋಲರ್‌ನ ಹೊಟ್ಟೆಯೊಳಗೆ ಇರುವುದಿಲ್ಲ. ಯಾವುದು ಯಾವುದಕ್ಕೆ ಸೇರಿದ್ದು ಅನ್ನೋದನ್ನು ಕೀ ನಂಬರ್ ಹೇಳುತ್ತದೆ. ಪ್ರತಿ ಸಾಧನಕ್ಕೂ ಒಂದು ಕೀ ಇದೆ. ಡಿಸ್ಕ್‌ನಲ್ಲಿ ಕಂಟ್ರೋಲರ್‌ಕೀ ಅನ್ನುವ ಇನ್ನೊಂದು ಕಾಲಂ ಇದೆ. ಅದು ತನ್ನ ಕಂಟ್ರೋಲರ್‌ನ ಕೀಯನ್ನು ತೋರಿಸುತ್ತದೆ. ಜೊತೆಗೆ ಯೂನಿಟ್‌ನಂಬರ್ ಇದೆ. ಆ ಕಂಟ್ರೋಲರ್‌ನಲ್ಲಿ ಡಿಸ್ಕ್ ಕೂತ ಜಾಗ ಅದು. ಕಂಟ್ರೋಲರ್‌ನಲ್ಲಿ ಬಸ್‌ನಂಬರ್ ಇದೆ, ಅಂದರೆ ಅದು ಎಷ್ಟನೇ ಕಂಟ್ರೋಲರ್ ಎಂಬ ಸಂಖ್ಯೆ.

ಒಂದು ಡಿಸ್ಕನ್ನು ಹತ್ತಿರದಿಂದ ನೋಡಿ. ಅದರ ಕೀ 2017. ಕಂಟ್ರೋಲರ್‌ಕೀ 1001. ಯೂನಿಟ್‌ನಂಬರ್ 1. ಈಗ ಅದೇ ವಿಎಂನ ಪಟ್ಟಿಯಲ್ಲಿ ಕೀ 1001 ಇರುವ ಸಾಧನ ಹುಡುಕಿ. ಅದು ಒಂದು ಪ್ಯಾರಾವರ್ಚುವಲ್ ಸ್ಕಸಿ ಕಂಟ್ರೋಲರ್ (ವಿಎಂಗಳಿಗೆಂದೇ ಮಾಡಿದ ಬಗೆ), ಬಸ್‌ನಂಬರ್ 1. ಹಾಗಾದರೆ ಡಿಸ್ಕ್‌ನ ವಿಳಾಸ ಸ್ಕಸಿ 1:1. ವಿಸೆಂಟರ್‌ನ ಸೆಟ್ಟಿಂಗ್ಸ್ ಪರದೆಯಲ್ಲಿ ವರ್ಚುವಲ್ ಡಿವೈಸ್ ನೋಡ್ ಎಂದು ಕಾಣುವುದೂ ಇದೇ. ನಿಮ್ಮ ಇಡೀ ವರದಿಯ ತಿರುಳು ಇಷ್ಟೇ: ಡಿಸ್ಕ್‌ನ ಕಂಟ್ರೋಲರ್‌ಕೀ ಹಿಡಿದು ಕಂಟ್ರೋಲರ್ ಹತ್ತಿರ ಹೋಗು, ಅಲ್ಲಿಂದ ಬಸ್‌ನಂಬರ್ ತಾ, ಡಿಸ್ಕ್‌ನ ಯೂನಿಟ್‌ನಂಬರ್ ಪಕ್ಕ ಇಡು.

ಇಲ್ಲಿ ಕೆಲವರು ಒಂದು ಅಡ್ಡದಾರಿ ಹಿಡಿಯುತ್ತಾರೆ. ಸ್ಕಸಿ ಕಂಟ್ರೋಲರ್‌ಗಳ ಕೀ 1000, 1001, 1002, 1003 ಎಂದು ಇರುತ್ತವೆ. ಸ್ಕಸಿ ಡಿಸ್ಕ್‌ಗಳ ಕೀ ಸಾಮಾನ್ಯವಾಗಿ 2000 ಕ್ಕೆ ಬಸ್ ನಂಬರ್‌ನ 16 ಪಟ್ಟು ಮತ್ತು ಯೂನಿಟ್ ನಂಬರ್ ಕೂಡಿಸಿದಂತೆ ಬರುತ್ತದೆ. ಮೇಲಿನ 2017 ಕೂಡ ಹಾಗೇ ಬಂದದ್ದು. ಲೆಕ್ಕ ಚೆನ್ನಾಗಿದೆ. ಆದರೆ ಅದರ ಮೇಲೆ ಸ್ಕ್ರಿಪ್ಟ್ ಕಟ್ಟಬೇಡಿ. ಸ್ಕಸಿ ಅಲ್ಲದ ಬಗೆಗಳೂ ಇವೆ: ಸಾಟಾ ಕಂಟ್ರೋಲರ್‌ಗಳ ಕೀ 15000 ದಿಂದ, ಎನ್‌ವಿಎಂಇಯದು 31000 ದಿಂದ, ಐಡಿಇಯದು 200 ರಿಂದ ಶುರುವಾಗುತ್ತವೆ. ಹೊಸ ಪ್ಯಾರಾವರ್ಚುವಲ್ ಕಂಟ್ರೋಲರ್‌ನಲ್ಲಿ 15 ಕ್ಕಿಂತ ಜಾಸ್ತಿ ಡಿಸ್ಕ್ ಕೂರಬಹುದು, ಆಗ 16 ರ ಲೆಕ್ಕಕ್ಕೆ ಅರ್ಥವೇ ಉಳಿಯುವುದಿಲ್ಲ. ಕಂಟ್ರೋಲರ್‌ಕೀ ಹಿಡಿದು ಹೋಗುವ ದಾರಿ ಇವೆಲ್ಲಕ್ಕೂ ಒಂದೇ ರೀತಿ ನಡೆಯುತ್ತದೆ.

ಈಗ ನಿಮ್ಮ ಖಾಲಿ ಕಾಲಂ. ಮೊದಲ ಡಿಸ್ಕ್‌ಗೆ ಮಾತ್ರ ಐಡಿ ಖಾಲಿ ಬರುತ್ತದೆ ಎಂದು ಓದಿದ ಕೂಡಲೇ ಕಾರಣ ಹೊಳೆಯಿತು. ನಿಮ್ಮ ಸ್ಕ್ರಿಪ್ಟ್‌ನಲ್ಲಿ ಎಲ್ಲೋ ‘ಯೂನಿಟ್‌ನಂಬರ್ ಇದ್ದರೆ ಮಾತ್ರ ಬರೆ’ ಅನ್ನುವ ಇಫ್ ಇದೆ. ಮೊದಲ ಡಿಸ್ಕ್‌ನ ಯೂನಿಟ್ ನಂಬರ್ 0. ಪವರ್‌ಶೆಲ್‌ನಲ್ಲಿ ಬರೀ ಇಫ್ ಹಾಕಿ ಕೇಳಿದರೆ 0 ಅಂದರೆ ಇಲ್ಲ ಎಂದೇ ಅರ್ಥ. ಹಾಗಾಗಿ ಇರುವ ನಂಬರನ್ನೇ ಸ್ಕ್ರಿಪ್ಟ್ ಇಲ್ಲ ಅಂದುಕೊಂಡು ದಾಟಿ ಹೋಗುತ್ತದೆ. ಬಸ್ ನಂಬರ್ 0 ಕ್ಕೂ ಇದೇ ಗತಿ. ಅಲ್ಲಿ ‘ನಲ್‌ಗೆ ಸಮ ಅಲ್ಲದಿದ್ದರೆ’ ಎಂದು ಸ್ಪಷ್ಟವಾಗಿ ಕೇಳಿ. ಖಾಲಿ ಕಾಲಂ ತುಂಬುತ್ತದೆ. ಪೈಥಾನ್‌ನಲ್ಲಿ ಪೈವಿಮೋಮಿ ಎಂಬ ಲೈಬ್ರರಿ ಬಳಸಿ ಬರೆಯುವವರೂ ಇದೇ ಗುಂಡಿಗೆ ಬೀಳುತ್ತಾರೆ. ಅಲ್ಲೂ 0 ಅಂದರೆ ಸುಳ್ಳು.

ಕಂಟ್ರೋಲರ್ ಹೆಸರು ಬಾರದ ವಿಎಂಗಳ ವಿಷಯ ಬೇರೆ. ಗೆಟ್-ಸ್ಕಸಿಕಂಟ್ರೋಲರ್ ಹೆಸರಿಗೆ ತಕ್ಕಂತೆ ಸ್ಕಸಿ ಕಂಟ್ರೋಲರ್‌ಗಳನ್ನು ಮಾತ್ರ ಕೊಡುತ್ತದೆ. ಡಿಸ್ಕ್ ಸಾಟಾ, ಎನ್‌ವಿಎಂಇ ಅಥವಾ ಐಡಿಇ ಮೇಲೆ ಇದ್ದರೆ ಅದಕ್ಕೆ ಏನೂ ಸಿಗುವುದಿಲ್ಲ. ಆ ವಿಎಂಗಳನ್ನು ತೆರೆದು ನೋಡಿ, ಖಂಡಿತ ಸ್ಕಸಿ ಅಲ್ಲದ ಕಂಟ್ರೋಲರ್ ಕಾಣುತ್ತದೆ. ಇದಕ್ಕೂ ಮದ್ದು ಅದೇ ಡಿವೈಸ್ ಪಟ್ಟಿ. ಅದರಲ್ಲಿ ಎಲ್ಲ ಬಗೆಯ ಕಂಟ್ರೋಲರ್‌ಗಳೂ ಇವೆ. ಬಗೆ ತಿಳಿಯಲು ಸಾಧನದ ಟೈಪ್ ಹೆಸರು ಕೇಳಿದರೆ ಸಾಕು. ಪ್ಯಾರಾವರ್ಚುವಲ್‌ಸ್ಕಸಿಕಂಟ್ರೋಲರ್, ವರ್ಚುವಲ್‌ಎಲ್‌ಎಸ್‌ಐಲಾಜಿಕ್‌ಸಾಸ್‌ಕಂಟ್ರೋಲರ್, ವರ್ಚುವಲ್‌ಎಎಚ್‌ಸಿಐಕಂಟ್ರೋಲರ್, ವರ್ಚುವಲ್‌ಎನ್‌ವಿಎಂಇಕಂಟ್ರೋಲರ್ ಹೀಗೆ ಬರುತ್ತವೆ. ಎಎಚ್‌ಸಿಐ ಅಂದರೆ ಸಾಟಾ. ವಿಳಾಸದ ಮುಂದೆ ಇದರ ಚಿಕ್ಕ ಹೆಸರು ಬರೆಯಿರಿ: ಸ್ಕಸಿ 0:1, ಸಾಟಾ 0:1, ಎನ್‌ವಿಎಂಇ 0:1. ಬರೀ 0:1 ಬರೆದರೆ ಮೂರೂ ಒಂದೇ ತರ ಕಾಣುತ್ತವೆ. ಒಂದೇ ವಿಎಂನಲ್ಲಿ ಈ ಮೂರೂ ಇರಲು ಏನೂ ಅಡ್ಡಿಯಿಲ್ಲ.

ಎಕ್ಸೆಲ್‌ನ ಸಮಯದ ತೊಂದರೆಯೂ ಈ ಚಿಕ್ಕ ಹೆಸರಿನಿಂದಲೇ ಹೋಗುತ್ತದೆ. ಬರೀ 1:0 ಕಂಡರೆ ಎಕ್ಸೆಲ್ ಅದನ್ನು ಒಂದು ಗಂಟೆ ಎಂದು ಓದುತ್ತದೆ. ಮುಂದೆ ಅಕ್ಷರ ಇದ್ದರೆ ಮುಟ್ಟುವುದಿಲ್ಲ. ಡಿಸ್ಕ್‌ಆಬ್ಜೆಕ್ಟ್‌ಐಡಿ ಅನ್ನುವ ಇನ್ನೊಂದು ಗುರುತನ್ನು ಕಾಲಂ ಆಗಿ ಹಾಕಿದರೆ ಅಲ್ಲೂ ಜೋಪಾನ. ಅದು 1-2000 ತರ ಇರುತ್ತದೆ, ಎಕ್ಸೆಲ್ ಅದನ್ನು 2000 ದ ಜನವರಿ ಮಾಡಿಬಿಡುತ್ತದೆ. ಬಸ್ ಮತ್ತು ಯೂನಿಟ್ ಎರಡನ್ನೂ ಬೇರೆ ಬೇರೆ ಕಾಲಂನಲ್ಲಿ ನಂಬರ್ ಆಗಿಯೇ ಇಡುವುದು ನನ್ನ ರೂಢಿ. ಒಟ್ಟು ವಿಳಾಸವನ್ನು ಅಕ್ಷರವಾಗಿ ವಿಂಗಡಿಸಿದರೆ 0:10 ಹೋಗಿ 0:2 ರ ಮುಂದೆ ಕೂರುತ್ತದೆ. ಬೇರೆ ಕಾಲಂ ಇದ್ದರೆ ಆ ಗೋಳಿಲ್ಲ.

ವರದಿ ನೋಡುವಾಗ ಇನ್ನೊಂದು ಗಾಬರಿ ಆಗಬಹುದು. ಸ್ಕಸಿ ಯೂನಿಟ್‌ಗಳು 6 ರ ನಂತರ 8 ಕ್ಕೆ ಹಾರುತ್ತವೆ. ಡಿಸ್ಕ್ ಒಂದು ತಪ್ಪಿಹೋಗಿದೆ ಅಂದುಕೊಳ್ಳಬೇಡಿ. 7 ನೇ ಜಾಗ ಕಂಟ್ರೋಲರ್‌ಗೇ ಮೀಸಲು. ಹಾಗಾಗಿಯೇ 0 ಯಿಂದ 15 ರವರೆಗೆ 16 ಜಾಗ ಇದ್ದರೂ ಡಿಸ್ಕ್‌ಗಳು 15 ಮಾತ್ರ. ನಾಲ್ಕು ಕಂಟ್ರೋಲರ್ ಸೇರಿ 60. ವಿಸ್ಫಿಯರ್ 6.7 ರಿಂದ ಪ್ಯಾರಾವರ್ಚುವಲ್ ಕಂಟ್ರೋಲರ್‌ನಲ್ಲಿ 64 ರವರೆಗೆ ಹೋಗಬಹುದು, ಒಂದು ವಿಎಂಗೆ ಒಟ್ಟು 256.

ಇನ್ನು ವೇಗ. ಪ್ರತಿ ಡಿಸ್ಕ್‌ಗೂ ಗೆಟ್-ಸ್ಕಸಿಕಂಟ್ರೋಲರ್ ಕರೆದಾಗ ಪ್ರತಿ ಸಲವೂ ವಿಸೆಂಟರ್‌ವರೆಗೆ ಹೋಗಿ ಬರಬೇಕು. 400 ವಿಎಂ, ಒಂದೊಂದರಲ್ಲೂ ನಾಲ್ಕೈದು ಡಿಸ್ಕ್ ಅಂದರೆ ಸಾವಿರಾರು ಸಲ ಓಡಾಟ. ನಿಮಗೆ ಬೇಕಾದ ಡಿವೈಸ್ ಪಟ್ಟಿಯನ್ನು ಒಂದೇ ಸಲ ತರಬಹುದು. ಗೆಟ್-ವ್ಯೂ ಕರೆಯಿರಿ. ವ್ಯೂಟೈಪ್ ವರ್ಚುವಲ್‌ಮೆಷಿನ್ ಎಂದು ಕೊಡಿ. ಪ್ರಾಪರ್ಟಿ ಎಂದು ನೇಮ್ ಮತ್ತು ಕಾನ್ಫಿಗ್.ಹಾರ್ಡ್‌ವೇರ್.ಡಿವೈಸ್ ಮಾತ್ರ ಕೇಳಿ. ಟೆಂಪ್ಲೇಟ್‌ಗಳು ಬೇಡವಾದರೆ ಫಿಲ್ಟರ್‌ನಲ್ಲಿ ಕಾನ್ಫಿಗ್.ಟೆಂಪ್ಲೇಟ್ ಫಾಲ್ಸ್ ಹಾಕಿ. ಪ್ರಾಪರ್ಟಿ ಹೇಳದೆ ಕೇಳಿದರೆ ವಿಎಂ ಬಗ್ಗೆ ಇರುವುದೆಲ್ಲ ಬರುತ್ತದೆ, ಅದು ಸುಮ್ಮನೆ ಭಾರ. ಹೀಗೆ ಒಮ್ಮೆ ತಂದ ಮೇಲೆ ಮುಂದಿನ ಜೋಡಣೆಯೆಲ್ಲ ನಿಮ್ಮ ಕಂಪ್ಯೂಟರಿನ ಮೆಮೊರಿಯಲ್ಲೇ ನಡೆಯುತ್ತದೆ. ನಿಮ್ಮ ಮುಕ್ಕಾಲು ಗಂಟೆ ಕೆಲವು ನಿಮಿಷಕ್ಕೋ ಅದಕ್ಕೂ ಕಡಿಮೆಗೋ ಇಳಿಯುತ್ತದೆ.

ಆ ಜೋಡಣೆಯಲ್ಲಿ ಒಂದು ಜಾಗದಲ್ಲಿ ತುಂಬ ಜನ ಎಡವುತ್ತಾರೆ, ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಕಂಟ್ರೋಲರ್‌ಗಳನ್ನು ಬೇಗ ಹುಡುಕಲು ಒಂದು ಹ್ಯಾಶ್‌ಟೇಬಲ್ ಮಾಡುತ್ತೀರಿ. ಕೀ ಕೊಟ್ಟರೆ ಕಂಟ್ರೋಲರ್ ಸಿಗಬೇಕು. ಒಳ್ಳೆಯ ಯೋಚನೆ. ಆದರೆ ಈ ಕೀಗಳು ಒಂದು ವಿಎಂ ಒಳಗೆ ಮಾತ್ರ ಬೇರೆ ಬೇರೆ. ಬೇರೆ ವಿಎಂಗಳಲ್ಲಿ ಅವೇ ಮತ್ತೆ ಬರುತ್ತವೆ. ಸ್ಕಸಿ ಇರುವ ಹೆಚ್ಚುಕಡಿಮೆ ಎಲ್ಲ ವಿಎಂಗಳಲ್ಲೂ 1000 ಎಂಬ ಕಂಟ್ರೋಲರ್ ಇರುತ್ತದೆ. ಹ್ಯಾಶ್‌ಟೇಬಲನ್ನು ಲೂಪ್‌ನ ಹೊರಗೆ ಒಮ್ಮೆ ಮಾಡಿ ಎಲ್ಲ ವಿಎಂಗಳ ಕಂಟ್ರೋಲರ್‌ಗಳನ್ನೂ ಅದಕ್ಕೆ ತುಂಬಿದರೆ, ಹೊಸ 1000 ಹಳೆಯ 1000 ದ ಮೇಲೆ ಕೂರುತ್ತದೆ. ಕೊನೆಗೆ ವರದಿಯಲ್ಲಿ 400 ವಿಎಂಗಳಿಗೂ ಕಡೆಯ ವಿಎಂನ ಕಂಟ್ರೋಲರೇ ಕಾಣುತ್ತದೆ. ಎರರ್ ಬರುವುದಿಲ್ಲ. ಕಾಲಂ ಖಾಲಿ ಇರುವುದಿಲ್ಲ. ನೋಡಲು ಎಲ್ಲ ಅಚ್ಚುಕಟ್ಟು. ಎಲ್ಲವೂ ಪ್ಯಾರಾವರ್ಚುವಲ್ ಎಂದು ತೋರಿಸುವ ವರದಿ ಕೈಗೆ ಬಂದರೆ ಮೊದಲು ಅನುಮಾನ ಪಡಬೇಕಾದ್ದು ಇಲ್ಲೇ. ಪ್ರತಿ ವಿಎಂ ಶುರುವಾದಾಗ ಹ್ಯಾಶ್‌ಟೇಬಲನ್ನು ಹೊಸದಾಗಿ ಮಾಡಿ.

ಲೂಪ್ ಹೀಗಿರಲಿ. ಒಂದು ವಿಎಂ ತೆಗೆದುಕೊಳ್ಳಿ. ಅದರ ಕಾನ್ಫಿಗ್ ನಲ್ ಇದ್ದರೆ ‘ಓದಲಾಗಲಿಲ್ಲ’ ಎಂದು ಒಂದು ಸಾಲು ಬರೆದು ಮುಂದೆ ಹೋಗಿ. ಡೇಟಾಸ್ಟೋರ್ ಕೈಗೆ ಸಿಗದ ವಿಎಂಗಳಲ್ಲಿ ಹೀಗೆ ಆಗುವುದುಂಟು. ಅಂಥವನ್ನು ಸದ್ದಿಲ್ಲದೆ ಬಿಟ್ಟರೆ ವರದಿ ಪೂರ್ತಿ ಇದೆ ಎಂದು ಓದುವವರು ನಂಬುತ್ತಾರೆ. ಆಮೇಲೆ ಡಿವೈಸ್ ಪಟ್ಟಿಯನ್ನು ಒಂದು ಸುತ್ತು ಹಾಕಿ, ವರ್ಚುವಲ್‌ಕಂಟ್ರೋಲರ್ ಬಗೆಯವನ್ನೆಲ್ಲ ಹ್ಯಾಶ್‌ಟೇಬಲ್‌ಗೆ ತುಂಬಿ. ಎರಡನೇ ಸುತ್ತಿನಲ್ಲಿ ವರ್ಚುವಲ್‌ಡಿಸ್ಕ್ ಬಗೆಯವನ್ನು ಮಾತ್ರ ಹಿಡಿದು, ಒಂದೊಂದಕ್ಕೂ ಕಂಟ್ರೋಲರ್ ನೋಡಿ, ಒಂದು ಸಾಲು ಹೊರಗೆ ಬಿಡಿ. ಬಗೆ ಗುರುತಿಸಲು ಟೈಪ್‌ನ ಮೇಲೆ ಇಸ್ ಆಪರೇಟರ್ ಬಳಸಿ. ಚೀಟಿಯಲ್ಲಿ ‘ಹಾರ್ಡ್ ಡಿಸ್ಕ್’ ಅನ್ನುವ ಮಾತು ಇದೆಯೇ ಎಂದು ನೋಡಬೇಡಿ.

ಸಾಲಿನಲ್ಲಿ ಏನೇನು ಇರಬೇಕು? ವಿಎಂ ಹೆಸರು, ಚೀಟಿ, ಕಂಟ್ರೋಲರ್ ಬಗೆ, ಬಸ್, ಯೂನಿಟ್, ವಿಳಾಸ, ಗಾತ್ರ, ಫೈಲ್ ದಾರಿ, ಯುಯುಐಡಿ. ಇವು ಬೇಕೇ ಬೇಕು. ಗಾತ್ರಕ್ಕೆ ಕೆಪ್ಯಾಸಿಟಿಇನ್‌ಬೈಟ್ಸ್ ತೆಗೆದು 1 ಜಿಬಿಯಿಂದ ಭಾಗಿಸಿ. ಪವರ್‌ಶೆಲ್‌ನ 1 ಜಿಬಿ ಅಂದರೆ 1073741824 ಬೈಟ್, ವಿಸೆಂಟರ್ ತೋರಿಸುವ ಲೆಕ್ಕಕ್ಕೆ ಸರಿಹೋಗುತ್ತದೆ. ಕಂಟ್ರೋಲರ್‌ನ ಬಸ್ ಶೇರಿಂಗ್, ಅಂದರೆ ಬೇರೆ ವಿಎಂ ಜೊತೆ ಡಿಸ್ಕ್ ಹಂಚಿಕೊಳ್ಳುತ್ತದೆಯೇ ಎಂಬುದನ್ನೂ ಹಾಕಿ. ಕ್ಲಸ್ಟರ್ ಇರುವ ಕಡೆ ಅದು ಮುಖ್ಯ.

ಫೈಲ್ ದಾರಿ ಬಗ್ಗೆ ಎರಡು ಮಾತು. ಅದು ಚೌಕ ಆವರಣದಲ್ಲಿ ಡೇಟಾಸ್ಟೋರ್ ಹೆಸರು, ಮುಂದೆ ಫೋಲ್ಡರ್, ಆಮೇಲೆ ವಿಎಂಡಿಕೆ ಫೈಲ್ ಹೆಸರು, ಹೀಗೆ ಇರುತ್ತದೆ. ಫೈಲ್ ಹೆಸರಿನ ಕೊನೆಯ ಅಂಕಿ ಕೂಡ ಗುರುತಲ್ಲ. ಮೊದಲ ಡಿಸ್ಕ್‌ನ ಫೈಲಿಗೆ ಅಂಕಿಯೇ ಇರುವುದಿಲ್ಲ, ಎರಡನೆಯದಕ್ಕೆ 1 ಬರುತ್ತದೆ. ಸ್ಟೋರೇಜ್ ವಿಮೋಷನ್ ಆದಾಗ, ಅಂದರೆ ಡಿಸ್ಕ್ ಫೈಲ್‌ಗಳು ಬೇರೆ ಡೇಟಾಸ್ಟೋರ್‌ಗೆ ಹೋದಾಗ, ಹೆಸರುಗಳು ಬದಲಾಗಬಹುದು. ವಿಎಂಗೆ ಹೊಸ ಹೆಸರಿಟ್ಟರೆ ಫೋಲ್ಡರ್‌ನಲ್ಲಿ ಹಳೆಯ ಹೆಸರು ಹಾಗೇ ಉಳಿಯುತ್ತದೆ. ಸ್ನ್ಯಾಪ್‌ಶಾಟ್ (ವಿಎಂನ ಆ ಕ್ಷಣದ ಸ್ಥಿತಿ ಉಳಿಸಿಟ್ಟದ್ದು) ಇದ್ದರೆ ಫೈಲ್ ಹೆಸರಿನ ಬಾಲಕ್ಕೆ 000001 ಅಂಟಿಕೊಳ್ಳುತ್ತದೆ. ಮೂಲ ಫೈಲ್ ಬೇಕಾದರೆ ಬ್ಯಾಕಿಂಗ್‌ನ (ಡಿಸ್ಕ್ ಯಾವುದರ ಮೇಲೆ ನಿಂತಿದೆ ಎಂದು ಹೇಳುವ ಭಾಗ) ಪೇರೆಂಟ್ ಹಿಡಿದು, ಪೇರೆಂಟ್ ಇಲ್ಲದಿರುವವರೆಗೆ ಹಿಂದೆ ಹೋಗಬೇಕು. ನಾನು ‘ಸ್ನ್ಯಾಪ್‌ಶಾಟ್ ಇದೆಯೇ’ ಎಂಬ ಕಾಲಂ ಕೂಡ ಇಡುತ್ತೇನೆ, ಯಾಕೆಂದರೆ ಸ್ನ್ಯಾಪ್‌ಶಾಟ್ ಇರುವಾಗ ಡಿಸ್ಕ್ ದೊಡ್ಡದು ಮಾಡಲು ಆಗುವುದಿಲ್ಲ. ನಿಮಗೆ ಬರುವ ಕೋರಿಕೆಯೇ ದೊಡ್ಡದು ಮಾಡಿ ಎಂದಿರುವಾಗ ಇದು ಮೊದಲೇ ಕಂಡರೆ ಒಳ್ಳೆಯದು.

ಆರ್‌ಡಿಎಂ ಡಿಸ್ಕ್ ಇದ್ದರೆ, ಅಂದರೆ ಸ್ಟೋರೇಜ್‌ನ ಲನ್ (ಸ್ಟೋರೇಜ್ ಒಂದು ಡಿಸ್ಕ್ ಆಗಿ ಕೊಡುವ ಭಾಗ) ನೇರವಾಗಿ ವಿಎಂಗೆ ಕೊಟ್ಟಿದ್ದರೆ, ಬ್ಯಾಕಿಂಗ್‌ನ ಬಗೆ ಬೇರೆ. ಅಲ್ಲಿ ಸ್ಟೋರೇಜ್ ತಂಡಕ್ಕೆ ಬೇಕಾದ್ದು ಲನ್‌ನ ಕ್ಯಾನೊನಿಕಲ್ ಹೆಸರು. ಅಷ್ಟಕ್ಕೆ ಮಾತ್ರ ಗೆಟ್-ಹಾರ್ಡ್‌ಡಿಸ್ಕ್ ಅನುಕೂಲ. ಡಿಸ್ಕ್‌ಟೈಪ್ ರಾಫಿಸಿಕಲ್ ಮತ್ತು ರಾವರ್ಚುವಲ್ ಎಂದು ಕೊಟ್ಟು ಕೇಳಿದರೆ ಅವಷ್ಟೇ ಬರುತ್ತವೆ, ಸ್ಕಸಿಕ್ಯಾನೊನಿಕಲ್‌ನೇಮ್ ಕೂಡ ಸಿಗುತ್ತದೆ.

ಈಗ ಯುಯುಐಡಿಗೆ ಬರೋಣ. ವಿಎಂ ಒಳಗಿನವರಿಗೂ ಹೊರಗಿನವರಿಗೂ ಇರುವ ಸೇತುವೆ ಇದು. ಡಿಸ್ಕ್‌ನ ಬ್ಯಾಕಿಂಗ್‌ನಲ್ಲಿ ಯುಯುಐಡಿ ಇರುತ್ತದೆ. ವಿಎಂವೇರ್ ಡಿಸ್ಕ್‌ಗಳಲ್ಲಿ ಅದು 6000ಸಿ29 ಎಂದು ಶುರುವಾಗುತ್ತದೆ, ನಡುವೆ ಅಡ್ಡಗೆರೆಗಳು ಇರುತ್ತವೆ. ವಿಎಂನ ಸೆಟ್ಟಿಂಗ್‌ನಲ್ಲಿ ಡಿಸ್ಕ್.ಎನೇಬಲ್‌ಯುಯುಐಡಿ ಟ್ರೂ ಆಗಿದ್ದರೆ ಇದೇ ಸಂಖ್ಯೆ ವಿಂಡೋಸ್ ಒಳಗೆ ಡಿಸ್ಕ್‌ನ ಸೀರಿಯಲ್ ನಂಬರ್ ಆಗಿ ಕಾಣುತ್ತದೆ. ಅಲ್ಲಿ ಗೆಟ್-ಡಿಸ್ಕ್ ಕೊಟ್ಟು ನಂಬರ್ ಮತ್ತು ಸೀರಿಯಲ್‌ನಂಬರ್ ಕಾಲಂ ನೋಡಿ. ಅಡ್ಡಗೆರೆ ಇರುವುದಿಲ್ಲ, ಅಕ್ಷರಗಳು ಚಿಕ್ಕವು. ಹೋಲಿಸುವ ಮೊದಲು ನಿಮ್ಮ ಕಡೆಯ ಅಡ್ಡಗೆರೆ ತೆಗೆಯಿರಿ, ಎರಡೂ ಕಡೆ ಖಾಲಿ ಜಾಗ ಕತ್ತರಿಸಿ, ಎರಡನ್ನೂ ಚಿಕ್ಕಕ್ಷರ ಮಾಡಿ. ಪವರ್‌ಶೆಲ್ ಹೋಲಿಕೆಯಲ್ಲಿ ದೊಡ್ಡ ಚಿಕ್ಕ ಅಕ್ಷರದ ಭೇದ ಮಾಡುವುದಿಲ್ಲ. ಪೈಥಾನ್ ಮಾಡುತ್ತದೆ. ಹಾಗಾಗಿ ಎಲ್ಲ ಕಡೆ ಒಂದೇ ಮಾಡಿಕೊಂಡರೆ ತಲೆನೋವಿಲ್ಲ.

ಈ ಸೆಟ್ಟಿಂಗ್ ಇಲ್ಲದ ವಿಎಂನಲ್ಲಿ ಸೀರಿಯಲ್ ಖಾಲಿ ಬರುತ್ತದೆ. ಹಾಕಲು ವಿಎಂ ಆಫ್ ಮಾಡಬೇಕು. ಮುಂದಿನ ಪ್ಯಾಚ್ ದಿನ ಇದನ್ನೂ ಸೇರಿಸಿ. ಅದಕ್ಕೆ ಒಂದು ಪಟ್ಟಿ ಬೇಕಲ್ವಾ? ವಿಎಂನ ಹೆಚ್ಚುವರಿ ಸೆಟ್ಟಿಂಗ್‌ಗಳ ಪಟ್ಟಿಯಾದ ಎಕ್ಸ್‌ಟ್ರಾಕಾನ್ಫಿಗ್ ಕೂಡ ಓದಿ, ಈ ಸೆಟ್ಟಿಂಗ್ ಇಲ್ಲದ ವಿಎಂಗಳನ್ನು ನಿಮ್ಮ ಸ್ಕ್ರಿಪ್ಟ್ ಹೇಳುವಂತೆ ಮಾಡಿ.

ಸೀರಿಯಲ್ ಸಿಗದ ಕಡೆ ವಿಳಾಸದಿಂದ ಹೊಂದಿಸಬಹುದು, ಆದರೆ ಅರ್ಧ ಮಾತ್ರ. ವಿಂಡೋಸ್‌ನ ಸ್ಕಸಿಟಾರ್ಗೆಟ್‌ಐಡಿ ನಿಮ್ಮ ಯೂನಿಟ್ ನಂಬರ್‌ಗೆ ಸಮ. ಲಿನಕ್ಸ್‌ನಲ್ಲಿ ಎಲ್‌ಎಸ್‌ಬಿಎಲ್‌ಕೆ ಕೊಡುವ ಎಚ್‌ಸಿಟಿಎಲ್ ಕಾಲಂನ ನಾಲ್ಕು ಅಂಕಿಗಳಲ್ಲಿ ಮೂರನೆಯದು ಅದೇ. ತೊಂದರೆ ಇರುವುದು ಕಂಟ್ರೋಲರ್ ಕಡೆ. ವಿಂಡೋಸ್‌ನ ಪೋರ್ಟ್ ನಂಬರ್, ಲಿನಕ್ಸ್‌ನ ಹೋಸ್ಟ್ ನಂಬರ್ ಎರಡೂ ಆಪರೇಟಿಂಗ್ ಸಿಸ್ಟಂ ತಾನೇ ಕೊಟ್ಟುಕೊಂಡವು. ನಿಮ್ಮ ಬಸ್ ನಂಬರ್‌ಗೆ ಸಮ ಇರಲೇಬೇಕು ಎಂದಿಲ್ಲ. ಒಂದೇ ಕಂಟ್ರೋಲರ್ ಇದ್ದರೆ ಚಿಂತೆಯಿಲ್ಲ. ಎರಡು ಇದ್ದರೆ 0:1 ಯಾವುದು, 1:1 ಯಾವುದು ಎಂದು ಸಿಕ್ಕಿಹಾಕಿಕೊಳ್ಳುತ್ತೀರಿ. ಅದಕ್ಕೆ ಒಂದು ದಾರಿ ಇದೆ. ಎಕ್ಸ್‌ಟ್ರಾಕಾನ್ಫಿಗ್‌ನಲ್ಲಿ ಸ್ಕಸಿ0.ಪಿಸಿಐಸ್ಲಾಟ್‌ನಂಬರ್ ತರದ ಹೆಸರುಗಳು ಇರುತ್ತವೆ, ಬೆಲೆ 160 ಹೀಗೆ ಇರುತ್ತದೆ. ವಿಂಡೋಸ್‌ನ ಗೆಟ್-ಡಿಸ್ಕ್ ಕೊಡುವ ಲೊಕೇಶನ್‌ನಲ್ಲಿ ಪಿಸಿಐ ಸ್ಲಾಟ್ 160 ಎಂದು ಕಂಡರೆ ಅದು ಬಸ್ 0 ಎಂದು ಹೇಳಬಹುದು.

ಲಿನಕ್ಸ್‌ನವರು ‘ಎಸ್‌ಡಿಬಿ ದೊಡ್ಡದು ಮಾಡಿ’ ಎಂದು ಬರೆದರೆ ಅಷ್ಟಕ್ಕೇ ಕೆಲಸ ಶುರು ಮಾಡಬೇಡಿ. ಎಸ್‌ಡಿಎ, ಎಸ್‌ಡಿಬಿ ಅನ್ನುವ ಹೆಸರುಗಳು ಬೂಟ್ ಆದಾಗ ಡಿಸ್ಕ್ ಸಿಕ್ಕ ಕ್ರಮದಲ್ಲಿ ಬರುತ್ತವೆ. ನಾಳೆ ಬೇರೆ ಆಗಬಹುದು. ಡೆವ್ ಕೆಳಗೆ ಡಿಸ್ಕ್, ಅದರ ಕೆಳಗೆ ಬೈ-ಐಡಿ ಫೋಲ್ಡರ್ ನೋಡಲು ಹೇಳಿ. ಯುಯುಐಡಿ ಬಿಟ್ಟುಕೊಟ್ಟಿರುವ ವಿಎಂನಲ್ಲಿ ಅದೇ 6000ಸಿ29 ಸಂಖ್ಯೆ ಅಲ್ಲಿರುತ್ತದೆ. ಎನ್‌ವಿಎಂಇ ಡಿಸ್ಕ್‌ಗಳಲ್ಲಿ ಮಾತ್ರ ಸೀರಿಯಲ್ ಮೇಲೆ ಭಾರ ಹಾಕಬೇಡಿ. ಎನ್‌ವಿಎಂಇಯಲ್ಲಿ ಸೀರಿಯಲ್ ಕಂಟ್ರೋಲರ್‌ಗೆ ಸೇರಿದ್ದು, ಡಿಸ್ಕ್‌ಗೆ ಅಲ್ಲ. ಒಂದೇ ಕಂಟ್ರೋಲರ್‌ನ ಎಲ್ಲ ಡಿಸ್ಕ್‌ಗಳಿಗೂ ಒಂದೇ ಸೀರಿಯಲ್ ಕಂಡರೆ ಅದು ಸರಿಯೇ.

ನಿಮ್ಮದು ವಿಸ್ಫಿಯರ್ 7 ಅಥವಾ ಅದಕ್ಕಿಂತ ಹೊಸದು ಆಗಿದ್ದರೆ ಇನ್ನೂ ಸುಲಭದ ದಾರಿ ಇದೆ. ವಿಎಂ ಒಳಗೆ ವಿಎಂವೇರ್ ಟೂಲ್ಸ್ ಓಡುತ್ತಿದ್ದರೆ, ವಿಎಂನ ಗೆಸ್ಟ್ ಮಾಹಿತಿಯ ಡಿಸ್ಕ್ ಪಟ್ಟಿಯಲ್ಲಿ ಮ್ಯಾಪಿಂಗ್ಸ್ ಎಂಬ ಭಾಗ ಬರುತ್ತದೆ. ಸಿ ಡ್ರೈವ್, ಇ ಡ್ರೈವ್ ಎಂಬ ಹೆಸರಿನ ಪಕ್ಕ ನಮ್ಮ ಡಿಸ್ಕ್ ಕೀ, ಅಂದರೆ ಆ 2017, ನೇರವಾಗಿ ಸಿಗುತ್ತದೆ. ಗೆಟ್-ವಿಎಂಗೆಸ್ಟ್‌ಡಿಸ್ಕ್ ಎಂಬ ಆಜ್ಞೆಯೂ ಇದಕ್ಕೇ ಇದೆ. ನಾನು ಈಗ ಮೊದಲು ಇದನ್ನೇ ನೋಡುತ್ತೇನೆ. ಆದರೆ ಇದು ಫೈಲ್ ಸಿಸ್ಟಂ ಇರುವ ಡಿಸ್ಕ್‌ಗಳಿಗೆ ಮಾತ್ರ. ಫಾರ್ಮ್ಯಾಟ್ ಮಾಡದ ಡಿಸ್ಕ್, ಡೇಟಾಬೇಸ್ ನೇರವಾಗಿ ಬಳಸುವ ಡಿಸ್ಕ್ ಇದರಲ್ಲಿ ಕಾಣುವುದಿಲ್ಲ. ಅಂಥ ಡಿಸ್ಕ್‌ಗಳೇ ಜಾಸ್ತಿ ಬೆಲೆಯವು, ಹಾಗಾಗಿ ಯುಯುಐಡಿ ಕಾಲಂ ಬಿಡಬೇಡಿ.

ಯುಯುಐಡಿ ಎರಡು ಡಿಸ್ಕ್‌ಗೆ ಒಂದೇ ಇರಬಹುದೇ? ಇರಬಹುದು. ವಿಸೆಂಟರ್ ಮೂಲಕ ಕ್ಲೋನ್ ಮಾಡಿದರೆ ಹೊಸದು ಸಿಗುತ್ತದೆ. ಯಾರೋ ವಿಎಂಡಿಕೆ ಫೈಲನ್ನು ಹಾಗೇ ನಕಲು ಮಾಡಿ ಇನ್ನೊಂದು ವಿಎಂಗೆ ಜೋಡಿಸಿದ್ದರೆ ಯುಯುಐಡಿ ಕೂಡ ನಕಲಾಗಿ ಬಂದಿರುತ್ತದೆ. ವರದಿ ಮುಗಿದ ಮೇಲೆ ಗ್ರೂಪ್-ಆಬ್ಜೆಕ್ಟ್‌ನಿಂದ ಯುಯುಐಡಿ ಗುಂಪು ಮಾಡಿ, ಒಂದಕ್ಕಿಂತ ಜಾಸ್ತಿ ಇರುವವನ್ನು ನೋಡಿ. ಫೈಲ್ ದಾರಿಯೂ ಒಂದೇ ಆಗಿದ್ದರೆ ಅದು ಕ್ಲಸ್ಟರ್‌ನ ಹಂಚಿಕೊಂಡ ಡಿಸ್ಕ್, ತಪ್ಪಲ್ಲ. ದಾರಿ ಬೇರೆ ಇದ್ದು ಯುಯುಐಡಿ ಒಂದೇ ಆಗಿದ್ದರೆ ಅದು ನಕಲು. ಅಂಥ ಸಾಲುಗಳಿಗೆ ಬಣ್ಣ ಹಚ್ಚಿಡಿ.

ಬೇರೆ ಹೈಪರ್‌ವೈಸರ್ (ವಿಎಂಗಳನ್ನು ಓಡಿಸುವ ಸಾಫ್ಟ್‌ವೇರ್) ಕೂಡ ನೋಡಿಕೊಳ್ಳುವವರಿಗೆ ಚಿಕ್ಕದಾಗಿ ಹೇಳುತ್ತೇನೆ. ಹೈಪರ್-ವಿಯಲ್ಲಿ ಈ ಕಷ್ಟ ಕಡಿಮೆ. ಗೆಟ್-ವಿಎಂಹಾರ್ಡ್‌ಡಿಸ್ಕ್‌ಡ್ರೈವ್ ಒಂದೇ ಸಾಲಿನಲ್ಲಿ ಕಂಟ್ರೋಲರ್‌ಟೈಪ್, ಕಂಟ್ರೋಲರ್‌ನಂಬರ್, ಕಂಟ್ರೋಲರ್‌ಲೊಕೇಶನ್, ಫೈಲ್ ದಾರಿ ಎಲ್ಲ ಕೊಡುತ್ತದೆ. ಕೆವಿಎಂನಲ್ಲಿ ವಿರ್ಶ್ ಡಂಪ್‌ಎಕ್ಸ್‌ಎಂಎಲ್ ತೆಗೆದು ಪ್ರತಿ ಡಿಸ್ಕ್‌ನ ಅಡ್ರೆಸ್ ಮತ್ತು ಸೀರಿಯಲ್ ಓದಬೇಕು. ಅಲ್ಲಿ ಟಾರ್ಗೆಟ್ ಹೆಸರು ವಿಡಿಎ, ವಿಡಿಬಿ ಎಂದು ಕಂಡರೂ ವಿಎಂ ಒಳಗೆ ಅದೇ ಹೆಸರು ಬರುತ್ತದೆ ಎಂಬ ಖಾತ್ರಿಯಿಲ್ಲ. ಡಿಸ್ಕ್ ಮಾಡುವಾಗಲೇ ಸೀರಿಯಲ್ ಕೊಟ್ಟುಬಿಟ್ಟರೆ ಒಳಗೆ ಬೈ-ಐಡಿಯಲ್ಲಿ ಅದು ಕಾಣುತ್ತದೆ. ವರ್ಟ್‌ಐಓ ಡಿಸ್ಕ್‌ಗೆ 20 ಅಕ್ಷರ ಮಿತಿ, ಅಷ್ಟರೊಳಗೆ ಬರೆಯಿರಿ.

ಸ್ಕ್ರಿಪ್ಟ್ ತಿದ್ದಿದ ಮೇಲೆ 400 ವಿಎಂ ಮೇಲೆ ಓಡಿಸುವ ಮುನ್ನ ಒಂದು ಪರೀಕ್ಷೆ ವಿಎಂ ಮಾಡಿ. ಅದಕ್ಕೆ 1, 2, 3, 5 ಜಿಬಿಯ ನಾಲ್ಕು ಚಿಕ್ಕ ಡಿಸ್ಕ್ ಹಾಕಿ. ಗಾತ್ರ ಬೇರೆ ಬೇರೆ ಇದ್ದರೆ ಕಣ್ಣಿಗೇ ಗುರುತು ಸಿಗುತ್ತದೆ. ಒಂದನ್ನು ಸ್ಕಸಿ 0:0 ಯಲ್ಲಿ ಇಡಿ, ಒಂದನ್ನು 0:8 ರಲ್ಲಿ, ಒಂದನ್ನು ಬೇರೆ ಬಗೆಯ ಎರಡನೇ ಕಂಟ್ರೋಲರ್‌ನ 1:0 ಯಲ್ಲಿ, ಒಂದನ್ನು ಸಾಟಾ ಮೇಲೆ. ವರದಿ ತೆಗೆದು ಸೆಟ್ಟಿಂಗ್ಸ್ ಪರದೆಯ ಜೊತೆ ಸಾಲುಸಾಲಾಗಿ ಹೋಲಿಸಿ. ಆಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದು ಮತ್ತೆ ಓಡಿಸಿ. ಫೈಲ್ ಹೆಸರು ಬದಲಾಗಿ ವಿಳಾಸ ಮತ್ತು ಯುಯುಐಡಿ ಹಾಗೇ ಇದ್ದರೆ ನಿಮ್ಮ ಸ್ಕ್ರಿಪ್ಟ್ ಸರಿಯಾಗಿದೆ. ಇನ್ನು ಪ್ರತಿ ರಾತ್ರಿ ಓಡಲು ಹಚ್ಚಿ, ಫೈಲ್ ಹೆಸರಿನಲ್ಲಿ ತಾರೀಖು ಇಡಿ. ವಿಂಡೋಸ್ ತಂಡದವರಿಗೆ ಇವತ್ತೇ ಒಂದು ಮಾತು ಹೇಳಿ: ಇನ್ನು ಮುಂದೆ ಕೋರಿಕೆಯಲ್ಲಿ ‘ಡಿಸ್ಕ್ 2’ ಜೊತೆಗೆ ಸೀರಿಯಲ್ ನಂಬರಿನ ಕೊನೆಯ ಎಂಟು ಅಕ್ಷರವನ್ನೂ ಬರೆಯಲಿ. ಆ ಎಂಟು ಅಕ್ಷರ ನಿಮ್ಮ ಫೈಲ್‌ನಲ್ಲಿ ಹುಡುಕಿದರೆ ಸಾಲು ಸಿಗುತ್ತದೆ.